ನೀರಿನ ಗೋಪುರ ಕಂಡರೆ ಹಡಗು ಹೊರಡುತ್ತದೆ

"ಮಿಸ್, ಈ ಹೆಂಗಸು ಒಂದೇ ಸುದ್ದಿಯನ್ನು ಮೂರು ಪತ್ರಗಳಲ್ಲಿ ಯಾಕೆ ಬರೆದಿದ್ದಾಳೆ? ಮರೆವಿನ ರೋಗವಾ?"

ಹಿಂದಿನ ಬೆಂಚಿನಿಂದ ಈ ಪ್ರಶ್ನೆ ಬಂದಾಗ ಇಡೀ ತರಗತಿ ನಕ್ಕಿತು. ನನಗೂ ನಗು ಬಂತು, ಆದರೆ ಒಳಗೊಳಗೆ ಸೋತಂತಾಯಿತು. ನಮ್ಮದು ಕುವೈತಿನಲ್ಲಿರುವ ಅಮೆರಿಕನ್ ಪಠ್ಯಕ್ರಮದ ಶಾಲೆ. ಹತ್ತನೆಯ ತರಗತಿಯ ಹುಡುಗಿಯರ ಎರಡು ವಿಭಾಗಗಳಿಗೆ ನಾನು ಇತಿಹಾಸ ಕಲಿಸುತ್ತೇನೆ. ಆಗ ನಡೆಯುತ್ತಿದ್ದ ಪಾಠ, ಅಮೆರಿಕ ಸ್ವತಂತ್ರವಾದ ಹೊಸತರಲ್ಲಿ ಅಲ್ಲಿನ ಮನೆಮಂದಿ ಒಬ್ಬರಿಗೊಬ್ಬರು ಬರೆದುಕೊಂಡ ಪತ್ರಗಳು. ಸಮುದ್ರದಾಚೆ ಹೋದ ಮಗನಿಗೆ ತಾಯಿ, ಮದುವೆಯಾಗಿ ಹೋದ ಮಗಳಿಗೆ ತಂದೆ, ಅಕ್ಕನಿಗೆ ತಂಗಿ. ನನಗೆ ಆ ಪತ್ರಗಳೆಂದರೆ ಪ್ರಾಣ. ಹುಡುಗಿಯರಿಗೆ ಆಕಳಿಕೆ.

ಹೋಮ್‌ವರ್ಕ್ ಆಗಿ ಅಂಥದೇ ಒಂದು ಪತ್ರ ಬರೆದು ತರಲು ಹೇಳಿದೆ. ಬಂದವು, ಅಚ್ಚುಕಟ್ಟಾಗಿ ಪ್ರಿಂಟ್ ಆಗಿ. ಎಲ್ಲವೂ ಒಂದೇ ವಾಕ್ಯದಿಂದ ಶುರು, ಎಲ್ಲವೂ ಒಂದೇ ಥರದ ನಯ. ಫೋನಿನೊಳಗಿನ ಎಐ ಇಡೀ ತರಗತಿಯ ಪರವಾಗಿ ಒಬ್ಬಳೇ ತಾಯಿಗೆ ಬರೆದಂತಿತ್ತು. ಯಾವ ಪತ್ರದಲ್ಲೂ ಯಾರೂ ಏನನ್ನೂ ಕೇಳಿರಲಿಲ್ಲ, ಯಾರಿಗೂ ಉತ್ತರ ಬೇಕಿರಲಿಲ್ಲ.

ಅಂದು ಶಾಲೆಯ ಬಸ್ಸಿನಲ್ಲಿ ಖೈತಾನ್ ಬಡಾವಣೆಯ ಮನೆಗೆ ಮರಳುವಾಗ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು: ಇವರಿಗೆ ಪತ್ರ ಗೊತ್ತಾಗದಿರುವುದು ಬರೆಯಲು ಬಾರದ್ದಕ್ಕಲ್ಲ, ಕಾಯಲು ಗೊತ್ತಿಲ್ಲದ್ದಕ್ಕೆ. ಹಾಗಾದರೆ ಕಾಯಿಸಬೇಕು.

ಮರುದಿನ ಎರಡೂ ವಿಭಾಗಗಳಿಗೆ ಹೊಸ ಆಟ ಹೇಳಿದೆ. ಮೇಲಿನ ಮಹಡಿಯ ವಿಭಾಗ ಬಾಸ್ಟನ್. ಕೆಳಗಿನ ಮಹಡಿಯ ವಿಭಾಗ ಲಂಡನ್. ಕೆಲವು ಕುಟುಂಬಗಳನ್ನು ಮಾಡಿ, ಪ್ರತಿ ಕುಟುಂಬದ ಅರ್ಧ ಜನರನ್ನು ಮೇಲೆ, ಅರ್ಧ ಜನರನ್ನು ಕೆಳಗೆ ಇಟ್ಟೆ. ವ್ಯಾಪಾರಕ್ಕೆ ಹೋದವರು, ಗಂಡನ ಜೊತೆ ಹೋದವರು, ಓದಲು ಹೋದವರು. ಇನ್ನೊಂದು ಮಹಡಿಯಲ್ಲಿ ಯಾರು ಯಾರ ಪಾತ್ರದಲ್ಲಿದ್ದಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಲಂಡನ್‌ನ ಮಗಳಿಗೆ ತನ್ನ ಅಮ್ಮ ಮೇಲಿನ ಮಹಡಿಯ ಯಾವ ಹುಡುಗಿ ಎಂದು ತಿಳಿಯದು. ಪತ್ರ ಬಿಟ್ಟು ಬೇರೆ ಯಾವ ದಾರಿಯಲ್ಲೂ ಆಟದ ಸುದ್ದಿ ಹೋಗಬಾರದು. ಊಟದ ಬಿಡುವಿನಲ್ಲಿ ಇಲ್ಲ, ವಾಟ್ಸಾಪಿನಲ್ಲಿ ಇಲ್ಲ.

"ಯಾರಾದ್ರೂ ಹೇಳೇ ಹೇಳ್ತಾರೆ ಮಿಸ್," ಎಂದಳು ಒಬ್ಬಳು.

"ಹೇಳಿದ್ರೆ ಆಟ ಅಲ್ಲಿಗೆ ಖಲಾಸ್," ಎಂದೆ.

ಒಬ್ಬರಿಗೆ ಒಂದು ಹಾಳೆ, ಕೈಬರಹ, ತರಗತಿಯಲ್ಲೇ ಬರೆಯಬೇಕು. ಆ ಕಾಲದಲ್ಲಿ ಲಕೋಟೆ ಇರಲಿಲ್ಲ. ಬರೆದ ಹಾಳೆಯನ್ನೇ ಮಡಚಿ ಮಡಚಿ, ಹೊರಗೆ ಉಳಿದ ಖಾಲಿ ಭಾಗದಲ್ಲಿ ವಿಳಾಸ ಬರೆದು, ಮಡಿಕೆಯ ತುದಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಮೊದಲು ಮೇಣದಬತ್ತಿ ಕರಗಿಸಿ ಹಾಕಿದೆವು. ಏಸಿಯ ತಂಪಿಗೆ ಅದು ಸಿಪ್ಪೆಯಂತೆ ಎದ್ದು ಬಂತು. ನನಗೆ ನಮ್ಮೂರಿನ ಅಂಚೆ ಕಚೇರಿಯ ಪಾರ್ಸೆಲ್ಲುಗಳ ಮೇಲಿನ ಕೆಂಪು ಅರಗು ನೆನಪಾಯಿತು. ಇಲ್ಲಿ ಎಲ್ಲಿ ಹುಡುಕುವುದು?

ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕರು ಬಂಟ್ವಾಳದ ಕಡೆಯ ಬ್ಯಾರಿಗಳು. ಇಡೀ ಶಾಲೆಗೆ ಅವರು ಭಾಯಿ. ಉಡುಪಿಯ ನಾನೂ ಅವರೂ ಸೇರಿದರೆ ಅರ್ಧ ತುಳು, ಅರ್ಧ ಕನ್ನಡ. ಅವರ ಸಂಬಂಧಿಕರೊಬ್ಬರು ಊರಿಂದ ಬರುವವರಿದ್ದರು. ಹಲಸಿನ ಹಪ್ಪಳದ ಜೊತೆ ಅರಗಿನ ಕಡ್ಡಿಗಳೂ ಬಂದವು. ಬೆಂಕಿಯ ಕೆಲಸವೆಲ್ಲ ರಸಾಯನಶಾಸ್ತ್ರದ ಲ್ಯಾಬಿನಲ್ಲೇ, ಲ್ಯಾಬ್ ಸಹಾಯಕಿಯ ಕಣ್ಣೆದುರೇ ಎಂದು ಒಪ್ಪಂದವಾಯಿತು. ಹಳೆಯ ಕೋಟಿನ ಗುಂಡಿಯನ್ನು ಮುದ್ರೆ ಮಾಡಿಕೊಂಡೆವು. ಅರಗು ಕಾಗದಕ್ಕೆ ಕಚ್ಚಿ ಹಿಡಿದು, ತೆಗೆಯಹೋದರೆ 'ಟಪ್' ಎಂದು ಮುರಿಯುವುದನ್ನು ನೋಡಿದಾಗ ಹುಡುಗಿಯರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ.

ಉಳಿದದ್ದು ಪತ್ರಗಳನ್ನು ಮಹಡಿಯಿಂದ ಮಹಡಿಗೆ ಒಯ್ಯುವ ಹಡಗು. ಅದು ಯಾವಾಗ ಹೊರಡಬೇಕೆಂದು ನಾನು ನಿರ್ಧರಿಸಿದರೆ ಹುಡುಗಿಯರು ನನ್ನನ್ನೇ ಪುಸಲಾಯಿಸುತ್ತಾರೆ. ನನ್ನ ಕೈಯಲ್ಲೂ ಇಲ್ಲದ, ಅವರ ಕೈಯಲ್ಲೂ ಇಲ್ಲದ ಯಾವುದಾದರೂ ಬೇಕಿತ್ತು. ಮೇಲಿನ ಕಾರಿಡಾರಿನ ಕಿಟಕಿಯಿಂದ ದೂರದಲ್ಲಿ ನೀಲಿ ಬಿಳಿ ಪಟ್ಟೆಯ ನೀರಿನ ಗೋಪುರಗಳು ಕಾಣುತ್ತವೆ. ಧೂಳಿನ ಗಾಳಿ ಎದ್ದ ದಿನ ಅವು ಮಾಯ. ಅದನ್ನೇ ನಿಯಮ ಮಾಡಿದೆ: ಬೆಳಿಗ್ಗೆ ಗೋಪುರ ಕಂಡರೆ ಮಾತ್ರ ಹಡಗು ಹೊರಡುತ್ತದೆ.

"ಟೀಚರೇ, ನಾನು ಬಸ್ಸಿನ ಜನ. ನನ್ನನ್ನು ಹಡಗಿಗೆ ಹಾಕ್ತೀರಲ್ಲ ಮಾರಾಯ್ರೆ," ಎಂದರು ಭಾಯಿ.

"ನಿಮಗೇನೂ ಕಷ್ಟ ಇಲ್ಲ ಭಾಯಿ. ಗೋಪುರ ಕಂಡ್ರೆ ಚೀಲ ತಗೊಂಡು ಬನ್ನಿ, ಕಾಣದಿದ್ರೆ ಬರ್ಬೇಡಿ."

"ಹಡಗು ಮುಳುಗುವುದೂ ಉಂಟಾ?"

"ಉಂಟು. ಅದಕ್ಕೆ ದಾಳ ಇದೆ. ಒಂದು ಬಿದ್ರೆ ಮುಳುಗಿತು ಅಂತ ಲೆಕ್ಕ."

ಅವರು ದಾಳವನ್ನು ಅಂಗೈಯಲ್ಲಿ ಉರುಳಿಸಿ ನೋಡಿ, "ಇದು ಒಳ್ಳೇದುಂಟು," ಎಂದು ಜೇಬಿಗೆ ಹಾಕಿಕೊಂಡರು. ಬಾಸ್ಮತಿ ಅಕ್ಕಿಯ ಬಟ್ಟೆಯ ಚೀಲವೊಂದು ಅಂಚೆ ಚೀಲವಾಯಿತು.

ಮೊದಲ ಪ್ರಯಾಣದ ಪತ್ರಗಳು ಸಾಧಾರಣವಾಗಿದ್ದವು. ನಾನು ಚೆನ್ನಾಗಿದ್ದೇನೆ, ಲಂಡನ್‌ನಲ್ಲಿ ಚಳಿ, ಹೀಗೆ. ಆದರೆ ಚೀಲ ಹೊತ್ತು ಭಾಯಿ ಬಾಗಿಲಲ್ಲಿ ನಿಂತಾಗ ಎದ್ದ ಕೂಗು! ತನ್ನ ಹೆಸರಿಗೆ ಮಡಚಿದ ಹಾಳೆ ಬಂದಿದೆಯೆಂದರೆ ಏನೆಂಬುದು ಆ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಮುದ್ರೆ ಮುರಿಯಲು ಮನಸ್ಸು ಬಾರದೆ ಕೆಲವರು ಪತ್ರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬಂದ ಪತ್ರವನ್ನು ಮನೆಮಂದಿಯೆದುರು ಗಟ್ಟಿಯಾಗಿ ಓದುವುದು ಆ ಕಾಲದ ರೂಢಿ. ನಾವೂ ಹಾಗೇ ಓದಿದೆವು. ಒಬ್ಬಳು ಓದುವಾಗ ಉಳಿದವರು, "ಅಣ್ಣನಿಗೆ ನಾನೂ ಎರಡು ಸಾಲು ಬರೀತೇನೆ, ಜಾಗ ಬಿಡು" ಎಂದು ಜಗಳವಾಡತೊಡಗಿದರು. ಒಂದೇ ಹಾಳೆಯ ಅಂಚಿನಲ್ಲಿ ಮೂರು ನಾಲ್ಕು ಕೈಬರಹಗಳು ತುಂಬಿಕೊಂಡವು. ನಾನು ವರ್ಷಗಟ್ಟಲೆ ಚಿತ್ರಗಳಲ್ಲಿ ತೋರಿಸಿದ್ದ ಪತ್ರಗಳು ಹೀಗೇ ಇದ್ದವಲ್ಲ!

ಮುಂದೊಂದು ದಿನ ಭಾಯಿ ಬರಿಗೈಯಲ್ಲಿ ಬಂದರು. ಲಂಡನ್ ವಿಭಾಗದ ಬಾಗಿಲಲ್ಲಿ ನಿಂತು, ತಮಗೆ ಬರುವ ಇಂಗ್ಲಿಷಿನಲ್ಲಿ ಗಂಭೀರವಾಗಿ ಘೋಷಿಸಿದರು: "ಸಾರಿ. ಶಿಪ್ ಖಲಾಸ್."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗದ್ದಲವೋ ಗದ್ದಲ. ಅದರಲ್ಲಿ ಎಲ್ಲಕ್ಕಿಂತ ಎತ್ತರದ ದನಿ ಒಬ್ಬ ಈಜಿಪ್ಟಿನ ಹುಡುಗಿಯದು. ಆಟದಲ್ಲಿ ಅವಳು ಬಾಸ್ಟನ್‌ನ ಕುಟುಂಬವೊಂದರ ಹಿರಿಯ ಮಗಳು, ಗಂಡನ ವ್ಯಾಪಾರಕ್ಕಾಗಿ ಲಂಡನ್‌ಗೆ ಬಂದವಳು. ನಾನಿಲ್ಲಿ ಅವಳನ್ನು ಮಗಳು ಎಂದೇ ಕರೆಯುತ್ತೇನೆ.

"ಮಿಸ್, ನಾನು ಅಮ್ಮನಿಗೆ ಮನೆ ಬಾಡಿಗೆಗೆ ಹಿಡಿಯಲೋ ಬೇಡವೋ ಕೇಳಿದ್ದೆ! ಅವಳ ಉತ್ತರ ಆ ಹಡಗಿನಲ್ಲಿತ್ತು! ಈಗ ನಾನೇನು ಮಾಡಲಿ?"

"ಆ ಕಾಲದ ಮಗಳು ಏನು ಮಾಡ್ತಿದ್ದಳು?"

ಅವಳು ನನ್ನನ್ನು ದುರುಗುಟ್ಟಿ ನೋಡಿ ಕೂತಳು. ಸ್ವಲ್ಪ ಹೊತ್ತಿಗೆ ಎದ್ದು ನಿಂತಳು. "ಮಿಸ್, ಎರಡು ಹಾಳೆ ಕೊಡಿ. ಇದೇ ಪತ್ರವನ್ನು ಎರಡು ಸಲ ಬರೀತೇನೆ. ಒಂದು ಈ ಹಡಗಿಗೆ, ಒಂದು ಮುಂದಿನದಕ್ಕೆ. ಒಂದಾದ್ರೂ ಮುಟ್ಟುತ್ತೆ." ಮತ್ತೊಂದು ಕ್ಷಣ ಯೋಚಿಸಿ, "ಮೇಲೆ ನಂಬರ್ ಹಾಕ್ತೇನೆ. ನಡುವೆ ಯಾವುದು ತಪ್ಪಿತು ಅಂತ ಅವರಿಗೆ ಗೊತ್ತಾಗಬೇಕಲ್ಲ," ಎಂದಳು.

ಹಿಂದಿನ ಬೆಂಚಿನ ಆ ಪ್ರಶ್ನೆಗೆ ನಾನು ಉತ್ತರ ಹೇಳಿರಲೇ ಇಲ್ಲ. ಹೆಂಗಸು ಒಂದೇ ಸುದ್ದಿಯನ್ನು ಮೂರು ಸಲ ಬರೆದದ್ದು ಯಾಕೆಂದು ಈ ಹುಡುಗಿ ತಾನೇ ಕಂಡುಕೊಂಡಿದ್ದಳು. ಮೇಲಿನ ಮಹಡಿಗೆ ಓಡಿದೆ, ನಿಜಕ್ಕೂ ಓಡಿದೆ. ಅಲ್ಲಿಯೂ ಯಾರೂ ಹೇಳಿಕೊಡದೆಯೇ ಒಬ್ಬಳು ತನ್ನ ಪತ್ರದ ನಕಲು ಇಟ್ಟುಕೊಳ್ಳತೊಡಗಿದ್ದಳು. ಅಂದಿನಿಂದ ಎಲ್ಲ ಪತ್ರಗಳೂ ಒಂದೇ ರೀತಿ ಶುರುವಾಗತೊಡಗಿದವು: ನಿನ್ನ ಮೂರನೆಯದು ಬಂತು, ನಾಲ್ಕನೆಯದು ಇನ್ನೂ ಬಂದಿಲ್ಲ.

ಪ್ರತಿ ವಾರ ಪ್ರತಿ ಕುಟುಂಬವೂ ಎರಡೂ ಮಹಡಿಗಳಲ್ಲಿ ಡಬ್ಬಿಯಿಂದ ಒಂದೊಂದು ಚೀಟಿ ಎತ್ತಬೇಕಿತ್ತು. ಮದುವೆ, ಜ್ವರ, ವ್ಯಾಪಾರದಲ್ಲಿ ನಷ್ಟ, ಮಗು ಹುಟ್ಟಿತು, ಹೀಗೆ. ಸಾವಿನ ಚೀಟಿಯೂ ಇತ್ತು. ಅದಿಲ್ಲದೆ ಆ ಕಾಲದ ಯಾವ ಮನೆಯ ಪತ್ರವ್ಯವಹಾರವೂ ಪೂರ್ತಿಯಾಗದು. ಅದನ್ನು ಹಾಕುವ ಮೊದಲು ಶಾಲೆಯ ಕೌನ್ಸೆಲರ್ ಜೊತೆ ಮಾತಾಡಿದ್ದೆ, ಮನೆಗಳಿಗೆ ತಿಳಿಸಿದ್ದೆ, ಈಚೆಗೆ ಮನೆಯಲ್ಲಿ ಸಾವು ಕಂಡ ಮಗು ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡಿದ್ದೆ.

ಒಂದು ವಾರ ಕೆಳಗಿನ ಮಹಡಿಯಲ್ಲಿ ಮಗಳಿಗೆ ಸಿಕ್ಕಿದ್ದು 'ಹೆಣ್ಣು ಮಗು ಹುಟ್ಟಿತು'. ಅವಳು ಕುಣಿದಾಡಿ ಹಾಳೆ ತುಂಬ ಬರೆದಳು, ಮುದ್ರೆ ಒತ್ತಿದಳು, ಪತ್ರ ಚೀಲ ಸೇರಿತು. ಮರುದಿನ ಮೇಲಿನ ಮಹಡಿಯಲ್ಲಿ ಅದೇ ಕುಟುಂಬದವರು ಚೀಟಿ ಎತ್ತಿದರು. ತಾಯಿಗೆ ಸಾವು.

ತಾಯಿಯ ಪಾತ್ರದ ಹುಡುಗಿ ಮಂಗಳೂರಿನವಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಅದೂ ಕಡಿಮೆ ಮಾತಿನಲ್ಲಿ. ಚೀಟಿಯನ್ನು ಓದಿ ಮೇಜಿನ ಮೇಲಿಟ್ಟಳು. ನಿಯಮದ ಪ್ರಕಾರ ಇನ್ನು ಅವಳು ಅದೇ ಮನೆಯ ಕಿರಿಯ ಮಗಳು.

ಅಷ್ಟರಲ್ಲಿ ಬಾಗಿಲಲ್ಲಿ ಭಾಯಿ. ಅಂದು ಗೋಪುರ ಸ್ಪಷ್ಟವಾಗಿ ಕಂಡಿತ್ತು. ಚೀಲದಿಂದ ಬಂದ ಪತ್ರಗಳಲ್ಲಿ ಒಂದರ ಮೇಲೆ ಸತ್ತ ತಾಯಿಯ ಹೆಸರಿತ್ತು.

"ಯಾರು ತೆರೆಯುವುದು?" ಎಂದು ಕೇಳಿದೆ.

ತಾಯಿಯಾಗಿದ್ದವಳೇ ಕೈ ಚಾಚಿದಳು. ಮುದ್ರೆ ಮುರಿದು, ಎದ್ದು ನಿಂತು ಗಟ್ಟಿಯಾಗಿ ಓದಿದಳು. 'ಅಮ್ಮಾ, ನೀವು ಅಜ್ಜಿಯಾದಿರಿ! ಮಗುವಿಗೆ ನಿಮ್ಮ ಹೆಸರನ್ನೇ ಇಟ್ಟಿದ್ದೇನೆ. ಬೈಯಬೇಡಿ. ಅವಳಿಗೆ ಹೊಟ್ಟೆನೋವು ಬಂದರೆ ಏನು ಮಾಡಬೇಕು? ಬೇಗ ಬರೆಯಿರಿ, ಇಲ್ಲಿ ನಾನು ಕೇಳಲು ಯಾರೂ ಇಲ್ಲ.'

ಓದು ಮುಗಿಯುವಾಗ ತರಗತಿಯಲ್ಲಿ ಅರ್ಧ ಜನ ಅಳುತ್ತಿದ್ದರು. ಕೆಳಗಿನ ಮಹಡಿಯಿಂದ ನಗುವಿನ ಸದ್ದು ಕೇಳುತ್ತಿತ್ತು. ಒಬ್ಬಳು ಥಟ್ಟನೆ ಎದ್ದಳು. "ಅವಳಿಗೆ ಗೊತ್ತಿಲ್ಲ! ಮಿಸ್, ಅವಳು ಅಲ್ಲಿ ಖುಷಿಯಾಗಿದ್ದಾಳೆ, ಅವಳಿಗೆ ಗೊತ್ತೇ ಇಲ್ಲ!"

ಆ ಅಳು ಇತಿಹಾಸ ವಿಭಾಗದ ಮುಖ್ಯಸ್ಥೆಯ ಕಿವಿಗೆ ಬೀಳಲು ತಡವಾಗಲಿಲ್ಲ. ಆಕೆ ಲೆಬನಾನಿನವರು, ಕಟ್ಟುನಿಟ್ಟಿನ ಹೆಂಗಸು, ಆದರೆ ಕೇಡು ಬಯಸುವವರಲ್ಲ. ಕೋಣೆಗೆ ಕರೆಸಿ, ಅರಬ್ಬಿಯಲ್ಲಿ ಮುದ್ದು ಎಂದೇ ಮಾತು ಶುರುಮಾಡಿದರು.

"ಹಬೀಬ್ತಿ, ಪರೀಕ್ಷೆ ತಲೆ ಮೇಲೆ ಬಂದಿದೆ. ನಿನ್ನ ಹುಡುಗಿಯರು ಇಲ್ಲದ ಹೆಂಗಸಿಗಾಗಿ ಅಳ್ತಿದ್ದಾರೆ. ಇವತ್ತೇ ಎರಡೂ ತರಗತಿಗೆ ನಡೆದದ್ದನ್ನು ಹೇಳಿ ಆಟ ಮುಗಿಸು. ಯಲ್ಲಾ, ಬೇಗ."

"ಒಂದು ಹಡಗು ಕೊಡಿ," ಎಂದೆ. ನನ್ನ ಬಾಯಿಂದ ಹಾಗೇ ಬಂತು. "ಒಂದೇ ಒಂದು. ನೀವೂ ಬಂದು ಕೂತು ನೋಡಿ. ಆಮೇಲೆ ನೀವು ಹೇಳಿದ ಹಾಗೆ."

ಆಕೆ ಕ್ಯಾಲೆಂಡರ್ ನೋಡಿದರು. "ಈ ವಾರ ಮುಗಿಯುವುದರೊಳಗೆ. ಮುಂದಿನ ವಾರದಿಂದ ಪರೀಕ್ಷೆಯ ತಯಾರಿ ಮಾತ್ರ."

ಮೇಲಿನ ಮಹಡಿಯಲ್ಲಿ ಸಾವಿನ ಪತ್ರ ಬರೆಯುವ ಹೊಣೆ ತಾನೇ ತೆಗೆದುಕೊಂಡವಳು ಆ ಮಂಗಳೂರಿನ ಹುಡುಗಿ. ಎರಡು ಹಾಳೆ ಹರಿದು ಹಾಕಿ, ಮೂರನೆಯದರಲ್ಲಿ ಬರೆದಳು. ನಂತರ ನನ್ನ ಬಳಿ ಬಂದು ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು: "ಮಿಸ್, ಬ್ಲ್ಯಾಕ್ ಅರಗು ಇದೆಯಾ?"

ಸಾವಿನ ಸುದ್ದಿಯ ಪತ್ರಕ್ಕೆ ಕಪ್ಪು ಮುದ್ರೆ ಒತ್ತುತ್ತಿದ್ದರೆಂದು ಪಾಠದ ಮೊದಲ ದಿನ ಒಂದು ಚಿತ್ರ ತೋರಿಸಿದ್ದೆ. ಪತ್ರ ಬಿಚ್ಚುವ ಮುಂಚೆಯೇ ಮನಸ್ಸು ಗಟ್ಟಿ ಮಾಡಿಕೊಳ್ಳಲಿ ಎಂಬ ಕರುಣೆ ಅದು. ನಮ್ಮಲ್ಲಿ ಇದ್ದದ್ದು ಕೆಂಪು ಮಾತ್ರ. ಲ್ಯಾಬಿನಲ್ಲಿ ಮೇಣದಬತ್ತಿಯ ಮೇಲೆ ಪಿಂಗಾಣಿ ತಟ್ಟೆ ಹಿಡಿದು ಮಸಿ ಕೂಡಿಸಿದೆವು, ಕರಗಿದ ಅರಗಿಗೆ ಕಲಸಿದೆವು. ಮೊದಲು ಮಸಿ ಗಂಟುಗಂಟಾಗಿ ತೇಲಿತು. ಅರಗನ್ನು ಮೊದಲೇ ಪುಡಿ ಮಾಡಿ, ಮಸಿಯ ಜೊತೆ ಅರೆದು, ಆಮೇಲೆ ಕರಗಿಸಿದಾಗ ಬಣ್ಣ ಹಿಡಿಯಿತು. ಪೂರ್ತಿ ಕಪ್ಪಲ್ಲ, ಬೆಳಕಿಗೆ ಹಿಡಿದರೆ ಒಳಗೆಲ್ಲೋ ಕೆಂಪು. ಅವಳು ಗುಂಡಿ ಒತ್ತಿ, ಆರುವವರೆಗೂ ಕೈ ತೆಗೆಯಲಿಲ್ಲ.

ಪತ್ರ ಚೀಲ ಸೇರಿತು. ಮರುದಿನ ಬೆಳಿಗ್ಗೆ ಏಳುವಾಗಲೇ ಆಕಾಶ ಕಿತ್ತಳೆ ಬಣ್ಣ. ಕಿಟಕಿಯ ಸಂದಿನಲ್ಲಿ ಮರಳಿನ ಗೆರೆ. ಗೋಪುರ ಇರಲಿ, ಶಾಲೆಯ ಗೇಟೇ ಸರಿಯಾಗಿ ಕಾಣುತ್ತಿರಲಿಲ್ಲ. ಮಾರನೆಯ ದಿನವೂ ಹಾಗೇ. ಭಾಯಿ ಚೀಲ ಮುಟ್ಟಲಿಲ್ಲ.

ಕೆಳಗೆ ಮಗಳು ನನ್ನನ್ನು ಪೀಡಿಸುತ್ತಿದ್ದಳು. "ಅಮ್ಮನ ಉತ್ತರ ಬರಬೇಕಿತ್ತಲ್ಲ ಮಿಸ್, ಮಗುವಿನ ಹೊಟ್ಟೆನೋವು ಹಾಗೇ ಇದೆ!" ಮೇಲಿನವರು ಕಾರಿಡಾರಿನಲ್ಲಿ ಲಂಡನ್‌ನ ಹುಡುಗಿಯರು ಎದುರಾದರೆ ಮುಖ ತಿರುಗಿಸಿ ಓಡುತ್ತಿದ್ದರು, ಎಲ್ಲಿ ಕಣ್ಣಲ್ಲೇ ಹೇಳಿಬಿಡುತ್ತೇವೋ ಎಂದು. ಒಂದು ಮೆಸೇಜಿನಲ್ಲಿ ಮುಗಿಯುವ ಸುದ್ದಿ. ಯಾರೂ ಕಳಿಸಲಿಲ್ಲ.

ಮುಖ್ಯಸ್ಥೆ ನನ್ನ ಬಾಗಿಲಿಗೇ ಬಂದರು. "ಧೂಳು ನೋಡ್ತಾ ಕೂತಿದ್ದೀಯಾ? ನಿಯಮ ಮಾಡಿದವಳು ನೀನೇ. ಚೀಲ ಕೆಳಗೆ ಕಳಿಸಿಬಿಡು, ಯಾರಿಗೆ ಗೊತ್ತಾಗುತ್ತೆ?"

ನಿಜ ಹೇಳುತ್ತೇನೆ, ನನಗೂ ಅದೇ ಆಸೆಯಾಗಿತ್ತು. ವಾರದ ಕೊನೆಯ ದಿನವೂ ಧೂಳಿದ್ದರೆ ಇಷ್ಟೆಲ್ಲ ಮಾಡಿದ್ದು ಮಣ್ಣುಪಾಲು. ಭಾಯಿಯ ಕಚೇರಿಗೆ ಹೋಗಿ ಚೀಲದ ಮುಂದೆ ನಿಂತೆ.

"ಕೊಡ್ಬೇಕಾ ಟೀಚರೇ?" ಎಂದು ಅವರು ಕೇಳಿದರು.

ಮೇಲಿನ ಮಹಡಿಯ ಆ ಮಕ್ಕಳು ನೆನಪಾದರು, ತುಟಿ ಕಚ್ಚಿಕೊಂಡು ಓಡುವವರು. ಅವರು ನಿಯಮ ಪಾಲಿಸುವಾಗ ನಾನು ಮುರಿದರೆ, ಅವರ ಮೌನಕ್ಕೆ ಏನು ಬೆಲೆ? "ಬೇಡ ಭಾಯಿ. ಗೋಪುರ ಕಾಣಲಿ. ಕಾಣದಿದ್ರೆ ಪತ್ರ ಮುಟ್ಟಲಿಲ್ಲ ಅಂತಲೇ ಪಾಠ ಮುಗಿಸ್ತೇನೆ." ಹೇಳಿದ ಮೇಲೆ ಎದೆ ಹಗುರಾಯಿತು. ಮುಖ್ಯಸ್ಥೆಗೂ ಹೋಗಿ ಅದನ್ನೇ ಹೇಳಿದೆ. ಆಕೆ ಹೆಗಲು ಕುಣಿಸಿದರು, ಅಷ್ಟೆ.

ಗುರುವಾರ. ಇಲ್ಲಿ ಶುಕ್ರವಾರ ರಜೆ, ಇದೇ ವಾರದ ಕೊನೆಯ ದಿನ. ಶಾಲೆಯ ಗೇಟಿನ ಬಳಿ ಬಸ್ಸಿಳಿಯುವಾಗಲೇ ಭಾಯಿ ಕೈ ಎತ್ತಿ ಕೂಗಿದರು: "ಟೀಚರೇ, ಕಾಣ್ತಾ ಉಂಟು! ಪಟ್ಟೆ ಸಮೇತ ಕಾಣ್ತಾ ಉಂಟು!" ದಾಳ ಹಾಕಿದರು. ನಾನು ನೋಡಲಾರದೆ ಕಣ್ಣು ಮುಚ್ಚಿಕೊಂಡೆ. "ನಾಲ್ಕು," ಎಂದರು ಅವರು. "ಹಡಗು ಗಟ್ಟಿ ಉಂಟು."

ಕೆಳಗಿನ ತರಗತಿಯಲ್ಲಿ ಮುಖ್ಯಸ್ಥೆ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಭಾಯಿ ಚೀಲ ತಂದಾಗ ಎಂದಿನ ಕೂಗು. ಮಗಳು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು ಕೈ ಚಾಚಿದಳು. ಭಾಯಿ ಕೊಟ್ಟರು. ಅವಳು ಪತ್ರ ತಿರುಗಿಸಿದಳು.

ಅವಳ ಮುಖದಲ್ಲಿ ಆದದ್ದನ್ನು ನಾನು ಯಾವ ಪುಸ್ತಕದಿಂದಲೂ ಕಲಿಸಲಾರೆ. "ಕಪ್ಪು," ಎಂದಳು. ಹತ್ತಿರದ ಹುಡುಗಿಗೆ ತೋರಿಸಿದಳು. "ಇದು ಕಪ್ಪು ಅಲ್ವಾ?" ಅವಳು ಕೂತಳು. ಬಿಚ್ಚಲಿಲ್ಲ. ವಿಳಾಸದ ಅಕ್ಷರಗಳನ್ನು ನೋಡಿದಳು, ಇದುವರೆಗೂ ತನಗೆ ಬರೆಯುತ್ತಿದ್ದ ಅದೇ ಕೈ, ಆದರೆ ಕಳಿಸಿದವರ ಹೆಸರು ತಂಗಿಯದು. ನಿಧಾನವಾಗಿ ಮುದ್ರೆ ಮುರಿದು ಎದ್ದು ಓದಿದಳು.

'ಅಕ್ಕಾ, ನಿನ್ನ ಆರನೆಯ ಪತ್ರ ಬಂತು. ಅದನ್ನು ತೆರೆದದ್ದು ನಾನು. ಅಮ್ಮ ತೆರೆಯಬೇಕಿತ್ತು. ನಿನ್ನ ಮಗುವಿನ ಸುದ್ದಿ ಬಂದಾಗ ಅಮ್ಮ ಇರಲಿಲ್ಲ. ಆದರೆ ಅದನ್ನು ನಾನು ಅವಳ ಕೋಣೆಯಲ್ಲೇ ನಿಂತು ಗಟ್ಟಿಯಾಗಿ ಓದಿದೆ. ಹೊಟ್ಟೆನೋವಿಗೆ ಬೆಚ್ಚಗಿನ ಬಟ್ಟೆ ಇಡು. ಅಮ್ಮ ನನಗೆ ಹಾಗೇ ಮಾಡುತ್ತಿದ್ದಳು.'

ಪತ್ರ ಮಡಚಿ ಅವಳು ಕೂತಳು. ಯಾರೂ ಹೇಳದೆಯೇ ಅವಳ ಆಟದ ಗಂಡನಾಗಿದ್ದ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಮಾತು ಶುರುವಾಯಿತು, ನಾನು ತಡೆಯಲಾರದಷ್ಟು. ಹಾಗಾದರೆ ನಾವು ನಗ್ತಾ ಇದ್ದಾಗ ಅವರಿಗೆ ಗೊತ್ತಿತ್ತಾ? ಆ ಕಾಲದಲ್ಲಿ ಎಷ್ಟು ಜನ ಸತ್ತವರಿಗೆ ಪತ್ರ ಬರೆದಿರಬೇಕು? ಅದಕ್ಕೇ ಅವರು ಪ್ರತಿ ಪತ್ರದಲ್ಲೂ 'ಇದು ಮುಟ್ಟುವಾಗ ನೀನು ಇದ್ದರೆ' ಎಂದು ಬರೆಯುತ್ತಿದ್ದರಾ? ನಾನು ಬೋರ್ಡಿನ ಬಳಿ ಸುಮ್ಮನೆ ನಿಂತಿದ್ದೆ. ಕಲಿಸಬೇಕೆಂದಿದ್ದ ಎಲ್ಲವೂ ಅವರ ಬಾಯಿಂದಲೇ ಬರುತ್ತಿತ್ತು, ಒಂದರ ಮೇಲೊಂದು ಬೀಳುತ್ತ.

ಬೆಲ್ ಆದ ಮೇಲೆ ಮುಖ್ಯಸ್ಥೆ ನನ್ನ ಬಳಿ ಬಂದು ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದಿನ ವಾರ ಪರೀಕ್ಷೆಯ ತಯಾರಿ," ಎಂದರು, ಗಟ್ಟಿಯಾಗಿಯೇ. ಬಾಗಿಲವರೆಗೆ ಹೋಗಿ ತಿರುಗಿದರು. "ಪರೀಕ್ಷೆ ಮುಗಿದ ಮೇಲೆ ಆ ಹುಡುಗಿ ತಂಗಿಗೆ ಉತ್ತರ ಬರೀಬೇಕಲ್ಲ. ಅದಕ್ಕೆ ಸಮಯ ಇಡು."

ಸಂಜೆ ಬಸ್ಸುಗಳು ನಿಲ್ಲುವ ಅಂಗಳದಲ್ಲಿ ಎಲ್ಲ ಮಕ್ಕಳೂ ಸೇರಿದ್ದರು. ಪತ್ರ ಮುಟ್ಟಿದ್ದಾಯಿತು, ಇನ್ನು ಯಾರು ಯಾರೆಂದು ಹೇಳಿಕೊಳ್ಳಬಹುದು ಎಂದು ನಾನೇ ಅನುಮತಿ ಕೊಟ್ಟಿದ್ದೆ. ಈಜಿಪ್ಟಿನ ಹುಡುಗಿ ಪತ್ರವನ್ನು ಕೈಯಲ್ಲಿ ಹಿಡಿದು ಗುಂಪಿನಿಂದ ಗುಂಪಿಗೆ ಹೋಗಿ ಕೇಳುತ್ತಿದ್ದಳು: "ಇದು ಯಾರ ಕೈಬರಹ? ನನ್ನ ಅಮ್ಮ ಯಾರು?"

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಮಂಗಳೂರಿನ ಹುಡುಗಿ ಕೈ ಎತ್ತಿದಳು.

"ನೀನಾ? ನೀನು ನನ್ನ ಬಸ್ಸಿನವಳು! ದಿನಾ ನನ್ನ ಹಿಂದಿನ ಸೀಟಲ್ಲಿ ಕೂರ್ತೀಯ!" ಓಡಿ ಹೋಗಿ ಅವಳ ಎರಡೂ ಭುಜ ಹಿಡಿದು ಅಲುಗಾಡಿಸಿದಳು. "ನೀನು ಸತ್ತೆ! ನನಗೆ ಒಂದು ಮಾತು ಹೇಳದೆ ಸತ್ತೆ!" ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಕಡಿಮೆ ಮಾತಿನ ಆ ಹುಡುಗಿ, "ಸಾರಿ, ಸಾರಿ, ಗೋಪುರ ಕಾಣ್ಲಿಲ್ಲ" ಎನ್ನುತ್ತ ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು.

ಭಾಯಿ ನನ್ನ ಪಕ್ಕಕ್ಕೆ ಬಂದು ನಿಂತರು. "ಎಂತ ಆಯ್ತು ಟೀಚರೇ?"

"ಅವಳ ಅಮ್ಮ ತೀರಿಕೊಂಡಿದ್ರು ಭಾಯಿ. ಈಗ ಸಿಕ್ಕಿದ್ರು."

ಅವರು ಒಂದು ಸಲ ಗಡಿಯಾರ ನೋಡಿದರು, ಒಂದು ಸಲ ಆ ಇಬ್ಬರನ್ನು ನೋಡಿದರು. ಆಮೇಲೆ ಡ್ರೈವರನ ಕಡೆ ತಿರುಗಿ, ಸ್ವಲ್ಪ ತಡಿ ಎಂದು ಕೈ ತೋರಿಸಿದರು. ಇಂಜಿನ್ ಆರಿತು.